ಕಂಡವರ ಹೊಣೆ

ಹಲ್ಲುನೋವು ಬಂದವರಿಗೆ ಹಲ್ಲು ನೋಯುತ್ತಿದೆಯೆಂದು ಪರರು ತಿಳಿಸಬೇಕಾಗಿಲ್ಲ. ಜ್ವರ, ಹೊಟ್ಟೆನೋವು, ಮುರಿದ ಕೈ ಇವೆಲ್ಲ ರೋಗಿಗೇ ಮೊಟ್ಟಮೊದಲು ತಿಳಿಯುವ ಬಾಧೆಗಳು. ಆದರೆ ಮಿದುಳು ಮತ್ತು ನರಗಳಿಗೆ ಸಂಬಂಧಿಸಿದ ಅನೇಕ ಕಾಯಿಲೆಗಳಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಮೂರ್ಛೆ ಬಂದು ನೆಲಕ್ಕುರುಳಿದವನು ಕಣ್ಣು ತೆರೆದಾಗ, ಸುತ್ತಲೂ ಜನ ಏಕೆ ನೆರೆದಿದ್ದಾರೆಂಬುದೇ ಅವನಿಗೆ ತಿಳಿದಿರುವುದಿಲ್ಲ. ಪಾರ್ಶ್ವವಾಯು ಬಡಿದ ಕೆಲವರು ತಮ್ಮ ಎಡಗೈ ಸೋತಿದೆಯೆಂಬುದನ್ನು ಒಪ್ಪುವುದೇ ಇಲ್ಲ. ಆ ಅರಿವನ್ನು ಕೊಡಬೇಕಾದ ಮಿದುಳಿನ ಭಾಗವೇ ಪೆಟ್ಟು ತಿಂದಿರುತ್ತದೆ. ಮರೆವಿನ ಕಾಯಿಲೆಯಿಂದ ಬಳಲುವ ಹಿರಿಯರು, ತಮಗೆ ಮರೆವಿದೆಯೆಂಬುದನ್ನೂ ಮರೆತಿರುತ್ತಾರೆ.

ಆದ್ದರಿಂದಲೇ ನರರೋಗ ತಜ್ಞರು ರೋಗಿಯನ್ನು ಮಾತನಾಡಿಸಿದ ಬಳಿಕ ಜೊತೆಯಲ್ಲಿ ಬಂದವರತ್ತ ತಿರುಗುತ್ತಾರೆ. ಆಗ ಹತ್ತಿರವಿದ್ದು ನೋಡಿದವರು ಯಾರು, ಏನು ನೋಡಿದಿರಿ, ಎಷ್ಟು ಹೊತ್ತು ಎಂದು ವಿಚಾರಿಸುತ್ತಾರೆ. ಸ್ಕ್ಯಾನ್ ಯಂತ್ರಗಳೂ ಮಿದುಳಿನ ವಿದ್ಯುತ್ ತರಂಗಗಳನ್ನು ದಾಖಲಿಸುವ ಇ.ಇ.ಜಿ.ಯೂ ಬಂದಿರುವ ಈ ಕಾಲದಲ್ಲಿಯೂ ಮೂರ್ಛೆರೋಗದ ನಿರ್ಣಯ ಬಹುಮಟ್ಟಿಗೆ ಕಂಡವರ ಮಾತನ್ನೇ ಅವಲಂಬಿಸಿದೆ. ಇಲ್ಲಿ ವೈದ್ಯಶಾಸ್ತ್ರದ ಜೊತೆಗೆ ನೀತಿಯ ಪ್ರಶ್ನೆಯೊಂದೂ ಹುಟ್ಟುತ್ತದೆ. ತನಗೆ ಏನಾಯಿತೆಂದು ತಾನೇ ಕಾಣಲಾರದ ಮನುಷ್ಯನಿಗೆ, ಅದನ್ನು ಕಂಡ ನಾವು ಸಲ್ಲಿಸಬೇಕಾದುದು ಏನು?

ತಂದೆಯ ಸಾಕ್ಷಿ

ಸಂತ ಮಾರ್ಕನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಬರುವ ಬಾಲಕನ ವೃತ್ತಾಂತ ನಮಗೆಲ್ಲ ಪರಿಚಿತ. ಬಾಲಕ ನೆಲಕ್ಕೆ ಬಿದ್ದು ಒದ್ದಾಡುತ್ತಾನೆ, ಬಾಯಲ್ಲಿ ನೊರೆ ಸುರಿಯುತ್ತದೆ, ಹಲ್ಲು ಕಚ್ಚುತ್ತಾನೆ, ಮೈ ಸೆಟೆಯುತ್ತದೆ. ಸುತ್ತಲೂ ಜನಸಂದಣಿ, ಶಿಷ್ಯರೂ ಧರ್ಮಶಾಸ್ತ್ರಿಗಳೂ ವಾದದಲ್ಲಿ ಮುಳುಗಿದ್ದಾರೆ. ಆಗ ಯೇಸುಸ್ವಾಮಿ ತಂದೆಯನ್ನು ಕೇಳುವ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಗಮನಿಸದೆ ಮುಂದೆ ಹೋಗುತ್ತೇವೆ. ಈ ಬಾಧೆ ಎಷ್ಟು ಕಾಲದಿಂದ ಇದೆಯೆಂದು ಅವರು ವಿಚಾರಿಸುತ್ತಾರೆ. ಚಿಕ್ಕಂದಿನಿಂದ ಇದೆಯೆಂದೂ, ಅನೇಕ ಸಲ ಬೆಂಕಿಗೂ ನೀರಿಗೂ ಬಿದ್ದಿದ್ದಾನೆಂದೂ ತಂದೆ ಉತ್ತರಿಸುತ್ತಾನೆ. ಇಂದಿನ ವೈದ್ಯರೂ ಮೊದಲು ಕೇಳುವುದು ಇದನ್ನೇ. ವಾದಿಸುತ್ತಿದ್ದವರಲ್ಲಿ ಯಾರೂ ತಂದೆಯ ಮಾತಿಗೆ ಬಿಡುವು ಕೊಟ್ಟಂತೆ ಕಾಣುವುದಿಲ್ಲ. ಗುಣಪಡಿಸುವ ಮೊದಲು ಕೇಳಿಸಿಕೊಳ್ಳುವುದಿದೆ.

ಈ ವೃತ್ತಾಂತದಲ್ಲಿ ಬಾಲಕನ ಬಾಧೆಗೆ ದುರಾತ್ಮವೇ ಕಾರಣವೆಂದು ಹೇಳಿದೆ. ಆದ್ದರಿಂದ ಮೂರ್ಛೆ ಬೀಳುವವರೆಲ್ಲರೂ ದೆವ್ವ ಹಿಡಿದವರೆಂದು ತಿಳಿಯಬೇಕೆ ಎಂದು ಕೆಲವರು ಕೇಳುತ್ತಾರೆ. ಸಂತ ಮತ್ತಾಯನು ಇದೇ ಬಾಲಕನ ಬಾಧೆಗೆ ಬಳಸಿರುವ ಮೂಲ ಗ್ರೀಕ್ ಪದ ಚಂದ್ರನಿಗೆ ಸಂಬಂಧಿಸಿದ್ದು. ಚಂದ್ರನ ಪ್ರಭಾವದಿಂದ ಈ ರೋಗ ಬರುತ್ತದೆಂಬುದು ಅಂದಿನವರ ತಿಳಿವಳಿಕೆಯಾಗಿತ್ತು. ಇಂದು ನಮ್ಮಲ್ಲಿ ಯಾರೂ ಆ ಪದವನ್ನು ಹಿಡಿದು ಚಂದ್ರನಿಗೆ ಚಿಕಿತ್ಸೆ ಹುಡುಕುವುದಿಲ್ಲ. ಶುಭಸಂದೇಶ ನಮ್ಮನ್ನು ಕರೆಯುವುದು ಆ ಬಾಲಕನನ್ನು ಕೈಹಿಡಿದು ಎಬ್ಬಿಸಿದ ಕರುಣೆಯ ಕಡೆಗೆ. ಇನ್ನು ಸಿರಾಖನ ಗ್ರಂಥದ 38ನೆಯ ಅಧ್ಯಾಯವು, ಕಾಯಿಲೆ ಬಿದ್ದಾಗ ದೇವರನ್ನು ಪ್ರಾರ್ಥಿಸಬೇಕೆಂದೂ, ವೈದ್ಯನಿಗೂ ಎಡೆ ಕೊಡಬೇಕೆಂದೂ ಒಟ್ಟಿಗೇ ಬೋಧಿಸುತ್ತದೆ. ಪ್ರಾರ್ಥನೆಗೆಂದು ಬಂದವರ ಕೈಯಿಂದ ಮಾತ್ರೆಯನ್ನು ಕಿತ್ತುಕೊಳ್ಳುವವರು ಈ ಬೋಧನೆಯ ಅರ್ಧವನ್ನಷ್ಟೇ ಓದಿದವರು.

ತಪ್ಪು ಹೆಸರಿನ ಹೊರೆ

ಕಂಡದ್ದಕ್ಕೆ ತಪ್ಪು ಹೆಸರಿಟ್ಟರೆ, ಕಂಡೂ ಕಾಣದಂತೆಯೇ. ‘ಗಾಳಿ ಸೋಕಿದೆ’, ‘ಯಾರೋ ಮಾಡಿಸಿಟ್ಟಿದ್ದಾರೆ’, ‘ಹಿಂದಿನವರ ಪಾಪ’ ಎಂಬ ಮಾತುಗಳು ನಮ್ಮ ಹಳ್ಳಿಗಳಲ್ಲಿಯೂ ಪಟ್ಟಣಗಳಲ್ಲಿಯೂ ಇನ್ನೂ ಕೇಳಿಬರುತ್ತವೆ. ಸಂಸ್ಕೃತದ ‘ಅಪಸ್ಮಾರ’ ಎಂಬ ಶಬ್ದಕ್ಕೆ ನೆನಪು ತಪ್ಪುವುದೆಂಬಷ್ಟೇ ಅರ್ಥ. ಅದರಲ್ಲಿ ಶಾಪವೂ ಇಲ್ಲ, ಪಾಪವೂ ಇಲ್ಲ. ಗ್ರೀಸ್ ದೇಶದಲ್ಲಿ ಈ ಕಾಯಿಲೆಯನ್ನು ‘ಪವಿತ್ರ ರೋಗ’ ಎನ್ನುತ್ತಿದ್ದಾಗ, ಕ್ರಿ.ಪೂ. ಸುಮಾರು 400ರಲ್ಲಿ ಹಿಪ್ಪೊಕ್ರಾಟಿಸನ ಹೆಸರಿನಲ್ಲಿ ಬಂದ ಗ್ರಂಥವೊಂದು, ಇದು ಇತರ ಕಾಯಿಲೆಗಳಿಗಿಂತ ಹೆಚ್ಚು ಪವಿತ್ರವೂ ಅಲ್ಲ, ಇದರ ಮೂಲ ಮಿದುಳಿನಲ್ಲಿದೆ ಎಂದು ವಾದಿಸಿತು. ಮಿದುಳಿನ ಕೋಶಗಳು ಪರಸ್ಪರ ಅತಿಸೂಕ್ಷ್ಮ ವಿದ್ಯುತ್ತಿನ ಮೂಲಕ ಮಾತನಾಡುತ್ತವೆ. ಆ ವಿದ್ಯುತ್ತು ಹಠಾತ್ತನೆ ಅಂಕೆ ಮೀರಿದಾಗ ಮೂರ್ಛೆ ಬರುತ್ತದೆ ಎಂದು ಇಂದಿನ ವಿಜ್ಞಾನ ವಿವರಿಸುತ್ತದೆ.

ತಪ್ಪು ಹೆಸರಿಟ್ಟವರು ಹಳ್ಳಿಗರು ಮಾತ್ರವೆಂದು ಬಗೆಯುವುದು ನ್ಯಾಯವಲ್ಲ. ಕಥೋಲಿಕ ಧರ್ಮಸಭೆಯ 1917ರ ಕಾನೂನು ಸಂಹಿತೆಯು ಗುರುದೀಕ್ಷೆಗೆ ಅಡ್ಡಿಯಾಗುವ ದೋಷಗಳನ್ನು ಎಣಿಸುವಾಗ ಮೂರ್ಛೆರೋಗಿಗಳು, ಬುದ್ಧಿಭ್ರಮಣೆಯುಳ್ಳವರು ಮತ್ತು ದೆವ್ವ ಹಿಡಿದವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿತ್ತು. 1983ರ ಸಂಹಿತೆಯಲ್ಲಿ ಮೂರ್ಛೆರೋಗದ ಉಲ್ಲೇಖವೇ ಇಲ್ಲ. ನಮ್ಮ ದೇಶದ ಕಾನೂನಿನ ಕಥೆಯೂ ಇಂಥದೇ. 1976ರ ತಿದ್ದುಪಡಿಯ ಮೂಲಕ ಹಿಂದೂ ವಿವಾಹ ಕಾಯ್ದೆ ಮತ್ತು ವಿಶೇಷ ವಿವಾಹ ಕಾಯ್ದೆಗಳಲ್ಲಿ, ಪದೇ ಪದೇ ಬರುವ ಹುಚ್ಚಿನ ಜೊತೆಗೆ ಮೂರ್ಛೆರೋಗವೂ ಮದುವೆಗೆ ಅಡ್ಡಿಯಾಗಿ ಸೇರಿತ್ತು. 1999ರಲ್ಲಿ ಸಂಸತ್ತು ಆ ಪದವನ್ನು ಕಿತ್ತುಹಾಕಿತು. ಧರ್ಮಸಭೆಯೂ ಸರ್ಕಾರವೂ ತಮ್ಮ ಗ್ರಂಥಗಳಿಂದ ಅಳಿಸಿದ್ದು ನಮ್ಮ ಮನಸ್ಸಿನಿಂದ ಅಳಿಸಿದೆಯೆ ಎಂಬುದೇ ಈಗ ಉಳಿದಿರುವ ಪ್ರಶ್ನೆ.

ಬಚ್ಚಲುಮನೆಯಲ್ಲಿ ಕಂಡದ್ದು

ಶ್ರದ್ಧೆಯಿಂದ ನೋಡಿದವರ ಮಾತು ಎಷ್ಟು ಬೆಲೆಯುಳ್ಳದ್ದೆಂಬುದಕ್ಕೆ ನಮ್ಮ ದಕ್ಷಿಣ ಕರ್ನಾಟಕದಲ್ಲಿಯೇ ಒಂದು ದೃಷ್ಟಾಂತವಿದೆ. ತಲೆಗೆ ಬಿಸಿನೀರು ಹುಯ್ದುಕೊಂಡು ಸ್ನಾನ ಮಾಡುವಾಗ ಮಾತ್ರ ಬರುವ ಮೂರ್ಛೆಯನ್ನು ಪ್ರಪಂಚದಲ್ಲಿ ಮೊದಲು ವರದಿ ಮಾಡಿದ್ದು 1945ರಲ್ಲಿ, ನ್ಯೂಜಿಲೆಂಡಿನಿಂದ. ಬೇರೆ ದೇಶಗಳಲ್ಲಿ ಅದು ಅಪರೂಪದ ಸಂಗತಿ. ಆದರೆ ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ಸಂಗಡಿಗರು 1968ರಲ್ಲಿ, ಈ ಬಗೆಯ ಮೂರ್ಛೆ ನಮ್ಮ ಭಾಗದಲ್ಲಿ ವಿರಳವಲ್ಲವೆಂದು ಪ್ರಕಟಿಸಿದರು. 1988ರಲ್ಲಿ ಡಾ. ಪಿ. ಸತೀಶ್ಚಂದ್ರ ಮತ್ತು ಸಹೋದ್ಯೋಗಿಗಳು ನಿಮ್ಹಾನ್ಸ್ ಸಂಸ್ಥೆಯಿಂದ ಇಂಥ 279 ರೋಗಿಗಳ ವಿವರವನ್ನು ಪ್ರಕಟಿಸಿದರು.

ತುಮಕೂರಿನ ಮನೆಗಳಿಗಾಗಲಿ, ಗುಬ್ಬಿ ಮತ್ತು ಕುಣಿಗಲ್ಲಿನ ತೋಟದ ಮನೆಗಳಿಗಾಗಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಂಡೆಯಲ್ಲಿ ಚೆನ್ನಾಗಿ ಕಾದ ನೀರು, ತಲೆಗೆ ಹಚ್ಚಿದ ಎಣ್ಣೆ, ಚೊಂಬಿನ ಮೇಲೆ ಚೊಂಬು ಬಿಡುವಿಲ್ಲದೆ ಹುಯ್ಯುವ ತಾಯಿ ಅಥವಾ ಅಜ್ಜಿ: ಇದು ನಮ್ಮ ತಲೆಸ್ನಾನ. ಹೀಗೆ ನೆತ್ತಿಯ ಮೇಲೆ ಬಿಸಿನೀರು ಬೀಳುತ್ತಿರುವಾಗ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ಮಂಕಾಗಿ ನೋಡುತ್ತಾರೆ, ಭಯಪಡುತ್ತಾರೆ, ಅಸಂಬದ್ಧವಾಗಿ ಮಾತನಾಡುತ್ತಾರೆ. ಕೆಲವರು ಎಚ್ಚರ ತಪ್ಪಿ ಬೀಳುತ್ತಾರೆ. ತಾವೇ ಹುಯ್ದುಕೊಳ್ಳುವವರಲ್ಲಿ ಕೆಲವರು ನಿಲ್ಲಿಸಲಾರದೆ ಹುಯ್ದುಕೊಳ್ಳುತ್ತಲೇ ಇರುವುದೂ ಉಂಟು. ಬಚ್ಚಲುಮನೆಯಲ್ಲಿ ಏನೋ ಕಾಡುತ್ತಿದೆಯೆಂದು ತಾಯಿತ ಕಟ್ಟಿಸಿದವರು ಎಷ್ಟು ಮಂದಿಯೋ! ನೀರು ಹುಯ್ಯುವಾಗಲೇ ಹೀಗಾಗುತ್ತದೆ, ಬೇರೆ ಹೊತ್ತಿನಲ್ಲಿ ಇಲ್ಲವೆಂದು ಗಮನಿಸಿ ಹೇಳಿದ ತಾಯಂದಿರು ವೈದ್ಯರಿಗೆ ಒಂದು ರೋಗದ ಸ್ವರೂಪವನ್ನೇ ತೋರಿಸಿಕೊಟ್ಟರು.

ಇದಕ್ಕೆ ಪರಿಹಾರವೂ ಸರಳ. ನೀರಿನ ಬಿಸಿಯನ್ನು ತಗ್ಗಿಸುವುದು, ಒಮ್ಮೆಲೇ ತಲೆಗೆ ಸುರಿಯದಿರುವುದು, ಬೇಕಾದರೆ ಒದ್ದೆ ಬಟ್ಟೆಯಿಂದ ತಲೆ ಒರೆಸುವುದು. ಇಷ್ಟರಿಂದಲೇ ಅನೇಕರಲ್ಲಿ ಮೂರ್ಛೆ ನಿಲ್ಲುತ್ತದೆ. ಸಾಲದಿದ್ದವರಿಗೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ತೆಗೆದುಕೊಳ್ಳುವ ಮಾತ್ರೆಯನ್ನು ವೈದ್ಯರು ಕೊಡುತ್ತಾರೆ. ಕೆಲವರಲ್ಲಿ ಮುಂದೆ ಸ್ನಾನದ ಸಂಬಂಧವಿಲ್ಲದೆಯೂ ಮೂರ್ಛೆ ಬರಬಹುದಾದುದರಿಂದ ವೈದ್ಯರ ನಿಗಾ ಅಗತ್ಯ.

ಯಾವ ಮೂರ್ಛೆಯೇ ಆಗಲಿ, ಹತ್ತಿರವಿದ್ದವರು ಮಾಡಬೇಕಾದುದು ಕೆಲವೇ ಕೆಲಸಗಳು. ಬೆಂಕಿ, ನೀರು, ಚೂಪಾದ ವಸ್ತುಗಳಿಂದ ದೂರ ಮಾಡಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಬಿಗಿ ಉಡುಪನ್ನು ಸಡಿಲಿಸಿ, ನಡುಕ ನಿಲ್ಲುತ್ತಿದ್ದಂತೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು. ಆಗ ಜೊಲ್ಲು ಉಸಿರುನಾಳಕ್ಕೆ ಇಳಿಯುವುದಿಲ್ಲ. ಕೈಕಾಲುಗಳನ್ನು ಅದುಮಿ ಹಿಡಿಯಬಾರದು, ಹಲ್ಲುಗಳ ನಡುವೆ ಚಮಚ ತುರುಕಬಾರದು, ಪೂರ್ತಿ ಎಚ್ಚರವಾಗುವ ತನಕ ನೀರು ಕುಡಿಸಬಾರದು. ಕೈಗೆ ಬೀಗದ ಕೈ ಕೊಡುವುದರಿಂದಾಗಲಿ, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದರಿಂದಾಗಲಿ ಪ್ರಯೋಜನವಿಲ್ಲ. ಮೂರ್ಛೆ ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ, ಕೀರ್ತಿ ಮಾತ್ರ ಕಬ್ಬಿಣಕ್ಕೆ ಸಲ್ಲುತ್ತದೆ. ಐದು ನಿಮಿಷ ಮೀರಿದರೆ, ಎಚ್ಚರವಾಗದೆ ಮತ್ತೆ ಬಂದರೆ, ಬಸುರಿಗೆ ಬಂದರೆ, ಅಥವಾ ಜೀವನದಲ್ಲಿ ಮೊದಲ ಸಲ ಬಂದಿದ್ದರೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು.

ನೋಡಿದವರು ಗಡಿಯಾರ ನೋಡಿ ಹೊತ್ತನ್ನು ಗುರುತಿಸಿಕೊಳ್ಳಬೇಕು. ಮನೆಯವರು ಮೊಬೈಲ್ ಫೋನಿನಲ್ಲಿ ಒಂದಿಷ್ಟು ಚಿತ್ರೀಕರಿಸಿದರೆ ವೈದ್ಯರಿಗೆ ಬಹಳ ಸಹಾಯ. ಆದರೆ ಅದೇ ಚಿತ್ರವನ್ನು ವಾಟ್ಸಾಪಿನಲ್ಲಿ ನಾಲ್ಕು ಜನಕ್ಕೆ ಕಳುಹಿಸಿದರೆ ಏನಾಯಿತು? ವೈದ್ಯರಿಗೆ ತೋರಿಸಿದಾಗ ಸಾಕ್ಷಿಯಾಗಿದ್ದುದು ಊರಿಗೆ ತೋರಿಸಿದಾಗ ಅಪಮಾನವಾಗುತ್ತದೆ. ಕಂಡದ್ದನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದೆಂಬ ವಿವೇಕವೂ ಕಂಡವರ ಹೊಣೆಯ ಭಾಗವೇ.

ಸಿಡಿಲಿನಂತೆ ಬರುವುದು, ಮೆಲ್ಲನೆ ಬರುವುದು

ಪಾರ್ಶ್ವವಾಯು, ನಮ್ಮ ಆಡುಮಾತಿನ ಲಕ್ವ, ಸಿಡಿಲಿನಂತೆ ಎರಗುತ್ತದೆ. ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ಕಂಡರೂ ಸಾಕು. ರಕ್ತನಾಳ ಕಟ್ಟಿಕೊಂಡಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು ಲೆಕ್ಕ ಹಾಕಲಾಗಿದೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರ್. ಕುಣಿಗಲ್ಲಿನಿಂದ ಬೆಂಗಳೂರಿಗೆ ಸುಮಾರು 70. ದೂರ ನಮ್ಮನ್ನು ಸೋಲಿಸುವಷ್ಟಿಲ್ಲ. ಬೆಳಗಾಗಲಿ ನೋಡೋಣ ಎನ್ನುವುದು, ಎಣ್ಣೆ ತಿಕ್ಕಿಸುವುದು, ಪಾರಿವಾಳದ ರಕ್ತ ಹಚ್ಚುವುದು, ಇವು ನಮ್ಮನ್ನು ಸೋಲಿಸುತ್ತವೆ. ರೋಗಿಯು ಕೊನೆಯ ಸಲ ಚೆನ್ನಾಗಿದ್ದುದು ಎಷ್ಟು ಗಂಟೆಗೆ ಎಂದು ವೈದ್ಯರು ಕೇಳುತ್ತಾರೆ. ಆ ಲೆಕ್ಕವನ್ನು ಕೊಡಬಲ್ಲವರು ಮನೆಯವರೇ ತಾನೆ?

ಮೆಲ್ಲನೆ ಬರುವ ಕಾಯಿಲೆಗಳಲ್ಲಿ ನಾವು ಮಾಡುವ ಅನ್ಯಾಯ ಬೇರೆ ಬಗೆಯದು. ಅಜ್ಜ ಅಂಗಿಯ ಗುಂಡಿ ಹಾಕಲು ಕಾಲು ಗಂಟೆ ತೆಗೆದುಕೊಳ್ಳುತ್ತಾರೆ, ಹೆಜ್ಜೆಗಳು ಚಿಕ್ಕದಾಗಿವೆ, ಮುಖದಲ್ಲಿ ನಗು ಮೂಡುವುದಿಲ್ಲ, ಸುಮ್ಮನೆ ಕುಳಿತಾಗ ಕೈ ನಡುಗುತ್ತದೆ. ‘ವಯಸ್ಸಾಯಿತು, ಸೋಮಾರಿತನ’ ಎಂದುಬಿಡುತ್ತೇವೆ. ಇಂಗ್ಲೆಂಡಿನ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ವಿವರಿಸಿದ ಕಾಯಿಲೆ ಇದು, ಆಯುರ್ವೇದದಲ್ಲಿ ಕಂಪವಾತ. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾಗುವುದರಿಂದ ಬರುವ ಈ ಬಾಧೆಗೆ ಲೆವೊಡೋಪಾ ಮಾತ್ರೆ ಬಹಳ ನೆಮ್ಮದಿ ಕೊಡುತ್ತದೆ. ನಮ್ಮ ಬೇಲಿಗಳಲ್ಲಿ ಬೆಳೆಯುವ ನಸುಗುನ್ನಿಯ ಬೀಜದಲ್ಲಿಯೂ ಅದೇ ವಸ್ತುವಿದೆ, ಆದರೆ ಪ್ರಮಾಣ ತಿಳಿಯದೆ ತಿನ್ನಬಾರದು.

ಅರಳುಮರಳು ಎಂದು ನಾವು ನಕ್ಕು ಮರೆಯುವ ಸ್ಥಿತಿಯೂ ಹಾಗೆಯೇ. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುವ ಅಮ್ಮ ಹಟ ಮಾಡುತ್ತಿಲ್ಲ; ಆಕೆಗೆ ಪ್ರತಿ ಸಲವೂ ಅದು ಮೊದಲ ಸಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ ಮುಂತಾದ ಕಾರಣಗಳಿಂದ ಬಂದ ಮರೆವನ್ನು ಚಿಕಿತ್ಸೆಯಿಂದ ಸುಧಾರಿಸಬಹುದಾದುದರಿಂದ ಪರೀಕ್ಷೆ ಮಾಡಿಸದೆ ಕೈಬಿಡುವುದು ತಪ್ಪು. ಗುಣವಾಗದ ಮರೆವಿನಲ್ಲಿಯೂ ಹೆಸರು ತಿಳಿದರೆ ಬೈಗುಳ ನಿಲ್ಲುತ್ತದೆ. ರೋಗವನ್ನು ಗುರುತಿಸಿದ ದಿನದಿಂದ ಆ ಮನೆಯಲ್ಲಿ ಕೆಟ್ಟ ಸ್ವಭಾವದವರೆನಿಸಿದ್ದ ವ್ಯಕ್ತಿ ಮತ್ತೆ ನಮ್ಮ ತಂದೆ, ನಮ್ಮ ತಾಯಿ ಆಗುತ್ತಾರೆ.

ಬಚ್ಚಿಡುವ ಪ್ರೀತಿ

ಈಗ ಎಲ್ಲಕ್ಕಿಂತ ಕಠಿಣವಾದ ಸಂಗತಿಗೆ ಬರೋಣ. ಮಗಳಿಗೆ ಚಿಕ್ಕಂದಿನಿಂದ ಮೂರ್ಛೆ ಇದೆ, ಮಾತ್ರೆಯಿಂದ ಹತೋಟಿಯಲ್ಲಿದೆ, ಗಂಡು ಗೊತ್ತಾಗಿದೆ. ಹೇಳಬೇಕೆ, ಬೇಡವೆ? ‘ಹೇಳಿದರೆ ಯಾರು ಮದುವೆಯಾಗುತ್ತಾರೆ’ ಎಂದು ತಾಯಿ ಕೇಳಿದಾಗ ಅದನ್ನು ಬರಿಯ ಸುಳ್ಳುಬುರುಕತನವೆಂದು ತಳ್ಳಿಹಾಕುವುದು ಸುಲಭ. ಆದರೆ ಆ ಭಯ ಕಲ್ಪನೆಯದಲ್ಲ. ಅದು ಆಕೆ ಕಂಡ ಲೋಕದಿಂದ ಬಂದದ್ದು.

ಹಾಗಿದ್ದರೂ ಬಚ್ಚಿಡುವುದರ ಫಲವೇನೆಂದು ನೋಡಬೇಕು. ಮದುವೆಯ ಗಡಿಬಿಡಿಯಲ್ಲಿ ನಿದ್ದೆಗೇಡು, ಊಟದ ಹೊತ್ತು ತಪ್ಪುವುದು, ಯಾರಾದರೂ ನೋಡಿಯಾರೆಂಬ ಅಂಜಿಕೆಯಿಂದ ಮಾತ್ರೆ ಬಿಡುವುದು. ಮೂರ್ಛೆ ಮರಳಲು ಇವಿಷ್ಟು ಸಾಕು. ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಬಿಡದೆ ಬರುವ ಮೂರ್ಛೆ ಪ್ರಾಣಕ್ಕೇ ಎರವಾದೀತು. ಒಲೆಯ ಮುಂದೆ, ಬಾವಿಯ ಕಟ್ಟೆಯ ಮೇಲೆ, ಜೊತೆಯಲ್ಲಿರುವವರಿಗೆ ಏನೂ ತಿಳಿಯದಿದ್ದರೆ ಆ ಹೆಣ್ಣುಮಗಳನ್ನು ಕಾಯುವವರು ಯಾರು? ಬಸುರಿಯಾಗುವ ಮೊದಲೇ ವೈದ್ಯರೊಡನೆ ಮಾತನಾಡಬೇಕಾದುದೂ ಇದೆ. ವಾಲ್ಪ್ರೋಯೇಟ್‌ನಂಥ ಔಷಧಿ ಗರ್ಭದಲ್ಲಿರುವ ಮಗುವಿಗೆ ಅಪಾಯಕರವಾದುದರಿಂದ ವೈದ್ಯರು ಸಾಧ್ಯವಾದಲ್ಲಿ ಬೇರೆ ಔಷಧಿ ಆರಿಸುತ್ತಾರೆ, ಫೋಲಿಕ್ ಆಮ್ಲದ ಮಾತ್ರೆ ಕೊಡುತ್ತಾರೆ. ಸರಿಯಾದ ಮೇಲ್ವಿಚಾರಣೆಯಲ್ಲಿ ಮೂರ್ಛೆರೋಗವುಳ್ಳ ಬಹುಪಾಲು ಸ್ತ್ರೀಯರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ. ಗುಟ್ಟಿನಲ್ಲಿ ಇದಾವುದೂ ನಡೆಯಲಾರದು. ಬಚ್ಚಿಟ್ಟು ಮದುವೆ ಮಾಡಿದವರು ಮಗಳಿಗೆ ಗಂಡನನ್ನು ದೊರಕಿಸಿರಬಹುದು. ಆದರೆ ಆಕೆಯನ್ನು ಸಾಕ್ಷಿಯಿಲ್ಲದ ಮನೆಗೆ ಕಳುಹಿಸಿದರು.

ಆದ್ದರಿಂದ ಹೇಳುವುದೇ ಧರ್ಮ. ಆದರೆ ಈ ಧರ್ಮದ ಭಾರವನ್ನೆಲ್ಲ ಆ ತಾಯಿಯ ತಲೆಯ ಮೇಲೆ ಹೊರಿಸಿ ನಾವು ಕೈತೊಳೆದುಕೊಳ್ಳುವುದು ಸರಿಯೆ? ಹೇಳುವವರ ಧೈರ್ಯ ಕೇಳುವವರ ಮನಸ್ಸಿನಿಂದ ಹುಟ್ಟುತ್ತದೆ. ಮಗನಿಗೆ ಹೆಣ್ಣು ನೋಡಲು ಹೋದ ನಾವು ‘ಫಿಟ್ಸ್’ ಎಂಬ ಮಾತು ಕಿವಿಗೆ ಬಿದ್ದೊಡನೆ ಕಾಫಿ ಲೋಟವನ್ನು ಕೆಳಗಿಟ್ಟು ಎದ್ದುಬಂದರೆ, ಮುಂದಿನ ಮನೆಯವರಿಗೆ ಸುಳ್ಳು ಹೇಳಲು ಕಲಿಸಿದವರು ನಾವೇ ಅಲ್ಲವೆ? ಸತ್ಯವನ್ನು ಬಯಸುವ ಸಮುದಾಯ ಮೊದಲು ಸತ್ಯಕ್ಕೆ ಶಿಕ್ಷೆ ವಿಧಿಸುವುದನ್ನು ಬಿಡಬೇಕು. ಧರ್ಮಕೇಂದ್ರಗಳಲ್ಲಿ ನಡೆಯುವ ವಿವಾಹಪೂರ್ವ ಶಿಬಿರಗಳಲ್ಲಿ ಈ ಮಾತನ್ನು ಬಿಚ್ಚುಮನಸ್ಸಿನಿಂದ ಚರ್ಚಿಸಿದರೆ ಅನೇಕ ಕುಟುಂಬಗಳಿಗೆ ಉಸಿರಾಡಲು ಎಡೆಯಾದೀತು.

ಔಷಧಿ ದೂರವಿಲ್ಲ

ಪ್ರಪಂಚದಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗವಿದೆಯೆಂದೂ, ಸರಿಯಾದ ಚಿಕಿತ್ಸೆ ದೊರೆತರೆ ಅವರಲ್ಲಿ ಶೇಕಡಾ 70ರಷ್ಟು ಮಂದಿ ಮೂರ್ಛೆಯಿಲ್ಲದೆ ಬಾಳಬಹುದೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 1993ರಿಂದ 1995ರವರೆಗೆ ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಗ್ರಾಮಾಂತರ ಪ್ರದೇಶಗಳಲ್ಲಿ 1,02,557 ಜನರನ್ನು ಮನೆಮನೆಗೆ ಹೋಗಿ ಸಮೀಕ್ಷಿಸಿದಾಗ, ನರಸಂಬಂಧಿ ಕಾಯಿಲೆಗಳು ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಸುಮಾರು ಎರಡು ಪಟ್ಟು ಇದ್ದುದು ಕಂಡುಬಂತು. ತಜ್ಞರು ಹೆಚ್ಚಾಗಿರುವುದು ಮಾತ್ರ ಪಟ್ಟಣದಲ್ಲಿ.

ಈ ಅಂತರವನ್ನು ದಾಟಬಹುದೆಂದು ತೋರಿಸಿದವರಲ್ಲಿಯೂ ಡಾ. ಮಣಿ ಒಬ್ಬರು. ಅವರೂ ಸಂಗಡಿಗರೂ ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ ಮೂರ್ಛೆರೋಗಿಗಳನ್ನು ಗುರುತಿಸಿ, ಫಿನೋಬಾರ್ಬಿಟೋನ್ ಅಥವಾ ಫೆನಿಟಾಯಿನ್ ಎಂಬ ಅಗ್ಗದ ಹಳೆಯ ಔಷಧಿಗಳಿಂದಲೇ ಹತೋಟಿ ಸಾಧ್ಯವೆಂದು ವರ್ಷಗಳ ಕಾಲ ನಡೆಸಿದ ಅಧ್ಯಯನವನ್ನು 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿ, ತಲೆನೋವು, ಮೂರ್ಛೆ, ಪಾರ್ಶ್ವವಾಯು ಮತ್ತು ಮರೆವಿನ ಕಾಯಿಲೆಗಳನ್ನು ಗುರುತಿಸಲು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಡಲು ತೊಡಗಿತು. ಮೂರ್ಛೆಯಿಲ್ಲದೆ ಎರಡು ವರ್ಷಗಳಾದರೂ ಕಳೆದ ಮೇಲೆಯೇ ಔಷಧಿ ನಿಲ್ಲಿಸುವ ವಿಚಾರ. ಅದನ್ನೂ ವೈದ್ಯರೇ ನಿರ್ಧರಿಸಿ ಮೆಲ್ಲಮೆಲ್ಲನೆ ಇಳಿಸಬೇಕು.

ಕಾಯಿಲೆ ಬಾರದಂತೆ ತಡೆಯುವ ದಾರಿಗಳೂ ನಮ್ಮ ಕೈಯಲ್ಲಿವೆ. ಹೆರಿಗೆ ಆಸ್ಪತ್ರೆಯಲ್ಲಿ ಆಗುವುದು, ದ್ವಿಚಕ್ರ ವಾಹನದ ಮೇಲೆ ಹೆಲ್ಮೆಟ್ ಧರಿಸುವುದು, ರಕ್ತದೊತ್ತಡವನ್ನು ಅಳೆಸಿಕೊಳ್ಳುವುದು ಇವುಗಳಲ್ಲಿ ಸೇರಿವೆ. ಲಾಡಿಹುಳುವಿನ ಮೊಟ್ಟೆ ಹೊಟ್ಟೆ ಸೇರಿ ಮಿದುಳಿನಲ್ಲಿ ಗುಳ್ಳೆ ಕಟ್ಟುವುದರಿಂದ ಬರುವ ಮೂರ್ಛೆಯೂ ನಮ್ಮ ದೇಶದಲ್ಲಿ ಸಾಮಾನ್ಯ. ಸರಿಯಾಗಿ ಬೇಯಿಸದ ಹಂದಿಮಾಂಸದಿಂದ ಕರುಳಿನಲ್ಲಿ ಲಾಡಿಹುಳು ಸೇರುತ್ತದೆ; ಅದರ ಮೊಟ್ಟೆಗಳು ಬಯಲು ಶೌಚ, ಕೊಳೆನೀರು, ತೊಳೆಯದ ಕೈ ಮತ್ತು ಹಸಿ ತರಕಾರಿಗಳ ಮೂಲಕ ಯಾರನ್ನಾದರೂ ತಲುಪಬಹುದು. ಸಸ್ಯಾಹಾರಿಗಳಿಗೂ ಈ ಬಾಧೆ ತಪ್ಪಿದ್ದಲ್ಲ.

ಪ್ರಿಯ ಓದುಗರೇ, ನಾವು ಸಾಕ್ಷಿ ಎಂಬ ಪದವನ್ನು ದೇವಾಲಯದಲ್ಲಿ ಮೇಲಿಂದ ಮೇಲೆ ಬಳಸುತ್ತೇವೆ. ಅದಕ್ಕೆ ದಿನನಿತ್ಯದ ಒಂದು ಅರ್ಥವೂ ಇದೆ: ಬಿದ್ದವನ ಪಕ್ಕದಲ್ಲಿ ನಿಂತು ಗಮನವಿಟ್ಟು ನೋಡುವುದು, ನೋಡಿದ್ದನ್ನು ಕೂಡಿಸದೆ ಕಳೆಯದೆ ಹೇಳಬೇಕಾದವರಿಗೆ ಹೇಳುವುದು, ಹೇಳಬಾರದವರ ಮುಂದೆ ಬಾಯಿ ಮುಚ್ಚಿಕೊಳ್ಳುವುದು, ಮತ್ತು ಅವನು ಕಣ್ಣು ತೆರೆಯುವವರೆಗೆ ಅಲ್ಲಿಂದ ಕದಲದಿರುವುದು. ಇದಕ್ಕೆ ವೈದ್ಯಕೀಯ ಪದವಿ ಬೇಕಾಗಿಲ್ಲ. ನೆರೆಯವನನ್ನು ನೆರೆಯವನೆಂದು ಬಗೆದರೆ ಸಾಕು.